ಚೆಕ್: ಬಾದಶಹನಿಂದ ಬ್ಯಾಂಕಿನವರೆಗೆ



ಒಂದು ದಿನದಲ್ಲಿ ನೀವು ಎಷ್ಟು ಸಲ ‘ಚೆಕ್’ ಎನ್ನುತ್ತೀರಿ ಎಂದು ಎಂದಾದರೂ ಎಣಿಸಿದ್ದೀರಾ? ‘ನಮಗೆಲ್ಲಿಯ ಇಂಗ್ಲಿಷು’ ಎಂದು ಕೈಚೆಲ್ಲುವ ತಾಯಂದಿರು ಕೂಡ ಈ ಪದವಿಲ್ಲದೆ ಒಂದು ದಿನ ಕಳೆಯುವುದಿಲ್ಲ. ರಾತ್ರಿ ಮಲಗುವ ಮುಂಚೆ ಗ್ಯಾಸ್ ಬಂದ್ ಆಗಿದೆಯೋ ಇಲ್ಲವೋ ಎಂದು ಚೆಕ್ ಮಾಡುತ್ತೀರಿ. ಬಸಿರಿ ಸೊಸೆಯನ್ನು ಇಂಡಿಯ ಆಸ್ಪತ್ರೆಗೆ ಚೆಕಪ್‌ಗೆ ಕರೆದೊಯ್ಯುತ್ತೀರಿ. ಸಿಂದಗಿ ಬಸ್ಸಿನಲ್ಲಿ ಚೆಕಿಂಗ್‌ನವರು ಹತ್ತಿದರೆ ಟಿಕೆಟ್ ಎಲ್ಲಿಟ್ಟೆನೆಂದು ಪರ್ಸಿನಲ್ಲಿ ಹುಡುಕುತ್ತೀರಿ. ಮುದ್ದೇಬಿಹಾಳದ ಅಂಗಡಿಯಲ್ಲಿ ಮನೆಯವರಿಗೆ ಚೆಕ್ಸ್ ಲುಂಗಿ ಕೊಳ್ಳುತ್ತೀರಿ. ಬಸವನ ಬಾಗೇವಾಡಿಯ ಬ್ಯಾಂಕಿನಲ್ಲಿ ಚೆಕ್ ಜಮಾ ಮಾಡಲು ಸಾಲಿನಲ್ಲಿ ನಿಲ್ಲುತ್ತೀರಿ. ಹೊಲದ ಪಕ್ಕದ ಹಳ್ಳಕ್ಕೆ ಕಟ್ಟಿದ್ದು ಚೆಕ್ ಡ್ಯಾಮ್. ಸೊಲ್ಲಾಪುರದ ಹಾದಿಯಲ್ಲಿ ಧೂಳಖೇಡದ ಹತ್ತಿರ ಬಸ್ಸು ನಿಧಾನವಾಗುವುದು ಚೆಕ್‌ಪೋಸ್ಟಿನಲ್ಲಿ. ಮನೆಗೆ ಬಂದರೆ ಹುಡುಗರಿಬ್ಬರು ಚದುರಂಗದ ಮಣೆಯ ಮುಂದೆ ಕುಳಿತು ‘ಚೆಕ್!’ ಎಂದು ಕೂಗುತ್ತಿರುತ್ತಾರೆ.

ನೋಡುವುದಕ್ಕೂ ಚೆಕ್, ತಡೆಯುವುದಕ್ಕೂ ಚೆಕ್, ಬಟ್ಟೆಯ ಚೌಕಕ್ಕೂ ಚೆಕ್, ಹಣದ ಕಾಗದಕ್ಕೂ ಚೆಕ್. ಇವೆಲ್ಲ ಅಕಸ್ಮಾತ್ತಾಗಿ ಒಂದೇ ರೀತಿ ಕೇಳಿಸುವ ಬೇರೆ ಬೇರೆ ಪದಗಳೇ? ಅಥವಾ ಒಂದೇ ತಾಯಿಯ ಮಕ್ಕಳೇ? ಈ ತಿಂಗಳು ಅದನ್ನು ವಿಚಾರಿಸೋಣ. ಇದು ಬರೀ ಕುತೂಹಲದ ಮಾತಲ್ಲ. ಈ ಅರ್ಥಗಳಲ್ಲಿ ಒಂದನ್ನು ಇನ್ನೊಂದೆಂದು ತಿಳಿದು ತೊಂದರೆಗೆ ಸಿಕ್ಕ ಮನೆಗಳು ನಮ್ಮ ನಡುವೆಯೇ ಇವೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಅರಸನ ಹೆಸರಿನ ಕೂಗು

ಚದುರಂಗ ಹುಟ್ಟಿದ್ದು ನಮ್ಮ ದೇಶದಲ್ಲಿ. ಸುಮಾರು 6ನೆಯ ಶತಮಾನದ ಹೊತ್ತಿಗೆ ಅದು ಇಲ್ಲಿ ಬಳಕೆಯಲ್ಲಿತ್ತು. ಆನೆ, ಕುದುರೆ, ರಥ, ಕಾಲಾಳು ಎಂಬ ಸೈನ್ಯದ ನಾಲ್ಕು ಅಂಗಗಳಿಂದ ‘ಚತುರಂಗ’ ಎಂಬ ಹೆಸರು ಬಂತು. ಆಟ ಇಲ್ಲಿಂದ ಇರಾನಿಗೆ ಹೋಯಿತು. ಪಾರಸಿಯವರು ಅದನ್ನು ‘ಚತ್ರಂಗ್’ ಎಂದರು. ಅರಬರ ನಾಲಿಗೆಗೆ ‘ಚ’ ಇಲ್ಲ, ನಮ್ಮ ‘ಗ’ ಕೂಡ ಇಲ್ಲ. ಆದ್ದರಿಂದ ಅವರಲ್ಲಿ ಅದು ‘ಶತ್ರಂಜ್’ ಆಯಿತು. 9 ಮತ್ತು 10ನೆಯ ಶತಮಾನಗಳಲ್ಲಿ ಬಗ್ದಾದಿನ ಅಬ್ಬಾಸಿ ದರ್ಬಾರಿನಲ್ಲಿ ಅಲ್-ಅದ್ಲಿ, ಅಸ್-ಸೂಲಿ ಎಂಬ ಹೆಸರಾಂತ ಆಟಗಾರರು ಇದ್ದರು. ಆ ಆಟದ ಬಗ್ಗೆ ಗ್ರಂಥಗಳನ್ನೂ ಬರೆದರು. ಈ ಆಟ ಆಡಬಹುದೋ ಆಡಬಾರದೋ ಎಂಬ ವಿಷಯದಲ್ಲಿ ಉಲಮಾಗಳಲ್ಲಿ ಅಭಿಪ್ರಾಯಭೇದವಿದೆ. ಅದು ಬೇರೆ ಚರ್ಚೆ. ಇಲ್ಲಿ ನಮಗೆ ಬೇಕಾದುದು ಪದ ಮಾತ್ರ.

ಪಾರಸಿ ಭಾಷೆಯಲ್ಲಿ ಅರಸನಿಗೆ ‘ಶಾಹ್’ ಎನ್ನುತ್ತಾರೆ. ಎದುರಾಳಿಯ ಅರಸನ ಮೇಲೆ ದಾಳಿ ಬಂದಾಗ ಆಟಗಾರ ‘ಶಾಹ್!’ ಎಂದು ಕೂಗಬೇಕಿತ್ತು. ‘ನಿಮ್ಮ ಅರಸ ಅಪಾಯದಲ್ಲಿದ್ದಾನೆ, ನೋಡಿಕೊಳ್ಳಿ’ ಎಂಬುದು ಆ ಕೂಗಿನ ಅರ್ಥ. ಆಟ ಅರಬರ ಮೂಲಕ ಸ್ಪೇನ್, ಸಿಸಿಲಿಗಳನ್ನು ದಾಟಿ ಯುರೋಪನ್ನು ಸೇರಿತು. ಅಲ್ಲಿ ಫ್ರೆಂಚರ ಬಾಯಲ್ಲಿ ‘ಶಾಹ್’ ಹೋಗಿ ‘ಎಶೆಕ್’ ಎಂದಾಯಿತು. ಇಂಗ್ಲಿಷರು ಅದರಿಂದ ಎರಡು ಪದಗಳನ್ನು ಮಾಡಿಕೊಂಡರು. ಕೂಗಿಗೆ ‘ಚೆಕ್’, ಆಟಕ್ಕೆ ‘ಚೆಸ್’. ಅಂದರೆ ಚೆಸ್ ಮತ್ತು ಚೆಕ್ ಒಡಹುಟ್ಟಿದವು. ಎರಡರ ಮೂಲವೂ ಶಾಹ್.

ಆಟದ ಕೊನೆಯ ಮಾತು ‘ಚೆಕ್‌ಮೇಟ್’. ಉರ್ದುವಿನಲ್ಲಿ ನಾವು ‘ಶಹ್ ಔರ್ ಮಾತ್’ ಎನ್ನುತ್ತೇವಲ್ಲ, ಅದೇ ಇದು. ಅರಬಿ ಓದಿದವರಿಗೆ ‘ಮಾತ’ ಎಂದರೆ ‘ಸತ್ತ’ ಎಂದು ತಟ್ಟನೆ ಹೊಳೆಯುತ್ತದೆ, ಏಕೆಂದರೆ ‘ಮೌತ್’ ಎಂಬ ಪದ ನಮಗೆಲ್ಲರಿಗೂ ಗೊತ್ತು. ಆದ್ದರಿಂದ ‘ಅರಸ ಸತ್ತ’ ಎಂದು ಅರ್ಥ ಹೇಳುವವರು ಬಹಳ. ಆದರೆ ಪಾರಸಿಯಲ್ಲಿ ‘ಮಾತ್’ ಎಂದರೆ ದಿಕ್ಕು ತೋಚದೆ ಅಸಹಾಯಕನಾಗಿ ನಿಂತವನು ಎಂಬ ಅರ್ಥವೂ ಇದೆ. ಆಟದ ನಿಯಮ ನೋಡಿದರೆ ಇದೇ ಹೆಚ್ಚು ಹೊಂದುತ್ತದೆ. ಚದುರಂಗದಲ್ಲಿ ಅರಸನನ್ನು ಯಾರೂ ಕೊಲ್ಲುವುದಿಲ್ಲ, ಮಣೆಯಿಂದ ಎತ್ತುವುದೂ ಇಲ್ಲ. ಎತ್ತ ಹೆಜ್ಜೆ ಇಟ್ಟರೂ ಅಪಾಯ ಎಂದಾದಾಗ ಆಟ ಮುಗಿಯುತ್ತದೆ.

ಇನ್ನೊಂದು ಮಾತು ಕೇಳಿ. ನಮ್ಮ ಮಕ್ಕಳು ಮಕ್ತಬಿನಲ್ಲಿ ಕಲಿಯುವ ಚಿಕ್ಕ ಸೂರಾಗಳಲ್ಲಿ ‘ಅಲ್-ಫೀಲ್’ ಒಂದು. ಫೀಲ್ ಎಂದರೆ ಆನೆ ಎಂದು ಅವರಿಗೆ ಗೊತ್ತು. ಇಂಗ್ಲಿಷಿನವರು ಚದುರಂಗದ ಯಾವ ಕಾಯಿಯನ್ನು ‘ಬಿಷಪ್’ ಎನ್ನುತ್ತಾರೋ ಅದಕ್ಕೆ ಸ್ಪೇನಿನ ಭಾಷೆಯಲ್ಲಿ ಇಂದಿಗೂ ‘ಅಲ್ಫಿಲ್’ ಎಂಬ ಹೆಸರಿದೆ. ನಮ್ಮ ದೇಶದ ಆನೆ ಅರಬಿ ಹೆಸರು ಹೊತ್ತು ಅಲ್ಲಿಯವರೆಗೆ ನಡೆದು ಹೋಗಿದೆ.

ಶಾಹಗಳ ನಾಡಿನಲ್ಲಿ

ಈ ಪದದ ಮೂಲ ನಮ್ಮ ವಿಜಯಪುರ ಜಿಲ್ಲೆಯವರಿಗೆ ಪರಕೀಯವೆನಿಸಬೇಕಾಗಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ನೆಲವೆಲ್ಲ ಸುಮಾರು ಇನ್ನೂರು ವರ್ಷ ‘ಶಾಹ್’ ಎಂಬ ಬಿರುದು ಹೊತ್ತವರ ಆಳ್ವಿಕೆಯಲ್ಲಿತ್ತು. 15ನೆಯ ಶತಮಾನದ ಕೊನೆಯಲ್ಲಿ ಯೂಸುಫ್ ಆದಿಲ್ ಖಾನನಿಂದ ಆರಂಭವಾದ ಆದಿಲಶಾಹಿ ಮನೆತನ 1686ರಲ್ಲಿ ಔರಂಗಜೇಬನ ಮುತ್ತಿಗೆಯವರೆಗೆ ಇಲ್ಲಿ ರಾಜ್ಯವಾಳಿತು. ಗೋಳಗುಮ್ಮಟದಡಿ ಮಲಗಿರುವ ಮುಹಮ್ಮದ್ ಆದಿಲ್ ಶಾಹ್ 1656ರಲ್ಲಿ ತೀರಿಕೊಂಡವನು. ಹಿಂದೆ ಮುದ್ದೇಬಿಹಾಳ ತಾಲೂಕಿಗೆ ಸೇರಿದ್ದ ತಾಳಿಕೋಟೆಯ ಹೆಸರು ಚರಿತ್ರೆಯ ಪುಸ್ತಕ ಸೇರಿದ್ದು 1565ರ ಯುದ್ಧದಿಂದ. ವಿಜಯನಗರದ ವಿರುದ್ಧ ಅಂದು ದಖ್ಖನಿನ ಹಲವು ಶಾಹಗಳು ಒಂದಾಗಿದ್ದರು.

ಶಾಹ್ ನಮ್ಮ ಮನೆಯೊಳಗೂ ಇದ್ದಾನೆ. ಹಬ್ಬಕ್ಕೆ ಮಾಡುವ ಶಾಹಿ ಟುಕಡಾದಲ್ಲಿ ಇದ್ದಾನೆ. ಶಹನಾಜ್, ಶಾಹಜಹಾನ್ ಎಂಬ ಹೆಸರುಗಳಲ್ಲಿ ಇದ್ದಾನೆ. ‘ಬಾದಶಹ’ ಎಂಬುದು ಈಗ ಕನ್ನಡದ್ದೇ ಪದ. ಆದರೆ ಕಿವಿಗೆ ಹಾಗೆ ಕೇಳಿಸಿದ್ದೆಲ್ಲ ಶಾಹ್ ಅಲ್ಲ. ನಿಮ್ಮ ಓಣಿಯ ಶಾಹಿದಾಳ ಹೆಸರು ಪಾರಸಿಯದಲ್ಲ, ಅರಬಿಯದು. ಅದರ ಅರ್ಥ ಸಾಕ್ಷಿ ನುಡಿಯುವವಳು. ಮಕ್ಕಳ ಬೆನ್ನು ತಟ್ಟಿ ‘ಶಹಬ್ಬಾಸ್’ ಎನ್ನುತ್ತೇವಲ್ಲ, ಅದು ‘ಶಾದ್ ಬಾಶ್’ನಿಂದ, ಅಂದರೆ ‘ಸಂತೋಷವಾಗಿರು’ ಎಂಬ ಹರಕೆಯಿಂದ ಬಂದದ್ದು.  ಪದದ ಮೂಲ ಹುಡುಕುವಾಗ ಕಿವಿಯೊಂದನ್ನೇ ನಂಬಬಾರದೆಂಬುದಕ್ಕೆ ಇವು ಸಾಕು.

ಚೌಕಳಿ ಬಟ್ಟೆಯ ಮೇಲೆ ಖಜಾನೆ

ಆಟದ ಕೂಗು ಹಣದ ಕಾಗದವಾದದ್ದು ಹೇಗೆ? ಇದಕ್ಕೆ ಇಂಗ್ಲೆಂಡಿನ 12ನೆಯ ಶತಮಾನಕ್ಕೆ ಹೋಗಬೇಕು. ಬಾಗೇವಾಡಿಯ ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರದ ಹೊಣೆ ಹೊತ್ತಿದ್ದದ್ದೂ ಅದೇ ಶತಮಾನದಲ್ಲಿ ಎಂದರೆ ಕಾಲದ ಅಂದಾಜು ಸಿಗುತ್ತದೆ. ಅಲ್ಲಿಯ ಅರಸರ ಖಜಾನೆಯಲ್ಲಿ ಒಂದು ದೊಡ್ಡ ಮೇಜು. ಅದರ ಮೇಲೆ ಗೆರೆ ಎಳೆದು ಚೌಕ ಚೌಕ ಮಾಡಿದ ಬಟ್ಟೆ. ವರ್ಷಕ್ಕೆ ಎರಡು ಬಾರಿ ಪ್ರಾಂತ್ಯಗಳ ಅಧಿಕಾರಿಗಳು ಬಂದು ವಸೂಲಾದ ಹಣದ ಲೆಕ್ಕ ಒಪ್ಪಿಸಬೇಕು. ಆಗ ಕಾಗದದ ಮೇಲೆ ಕೂಡುವ ಕಳೆಯುವ ಪದ್ಧತಿ ಅಲ್ಲಿ ಬಳಕೆಯಲ್ಲಿರಲಿಲ್ಲ. ಒಂದು ಸಾಲಿನ ಚೌಕ ಬಿಡಿ ಕಾಸಿಗೆ, ಇನ್ನೊಂದು ಸಾಲು ನೂರಕ್ಕೆ, ಮತ್ತೊಂದು ಸಾವಿರಕ್ಕೆ ಎಂದು ಬಿಲ್ಲೆಗಳನ್ನು ಇಟ್ಟು, ಸರಿಸಿ ಎಲ್ಲರ ಕಣ್ಣೆದುರಿಗೆ ಲೆಕ್ಕ ಮಾಡುತ್ತಿದ್ದರು. ಕೊಡಬೇಕಾದದ್ದೆಷ್ಟು, ಕೊಟ್ಟದ್ದೆಷ್ಟು ಎಂಬುದು ಓದು ಬಾರದವನಿಗೂ ಕಾಣುತ್ತಿತ್ತು.

ನೋಡಿದವರಿಗೆ ಅದು ಚದುರಂಗದ ಮಣೆಯಂತೆಯೇ ತೋರಿತು. ಆ ಮಣೆಗೆ ಫ್ರೆಂಚಿನಲ್ಲಿ ಇದ್ದ ಹೆಸರೇ ಖಜಾನೆಗೂ ಬಿತ್ತು. ಅದು ಇಂಗ್ಲಿಷಿನಲ್ಲಿ ‘ಎಕ್ಸ್‌ಚೆಕರ್’ ಆಯಿತು. ಬ್ರಿಟನ್ನಿನ ಹಣಕಾಸು ಮಂತ್ರಿಯನ್ನು ಇಂದಿಗೂ ‘ಚಾನ್ಸಲರ್ ಆಫ್ ದಿ ಎಕ್ಸ್‌ಚೆಕರ್’ ಎಂದೇ ಕರೆಯುತ್ತಾರೆ. ಆ ದೊಡ್ಡ ಹುದ್ದೆಯ ಹೆಸರಿನಲ್ಲಿಯೂ ಒಂದು ಚೌಕಳಿ ಬಟ್ಟೆ, ಅದರೊಳಗೆ ಒಬ್ಬ ಶಾಹ್ ಅಡಗಿದ್ದಾರೆ.

ಚೆಕ್ಸ್ ಲುಂಗಿ, ಚೆಕ್ಸ್ ಅಂಗಿ ಎಂಬ ಮಾತು ಬಂದದ್ದೂ ಅದೇ ಮಣೆಯಿಂದ. ಚದುರಂಗದ ಮನೆಗಳಂತೆ ಚೌಕಗಳಿದ್ದ ಬಟ್ಟೆ ‘ಚೆಕ್ಸ್’ ಆಯಿತು. ಕೃಷ್ಣೆಯ ಆಚೆ ದಂಡೆಯ ಇಳಕಲ್ಲಿನ ನೇಕಾರರು ಸೀರೆಯ ಒಡಲಿನಲ್ಲಿ ಚೌಕಳಿ ನೇಯುವುದು ಇಂಗ್ಲಿಷಿನಿಂದ ಕಲಿತದ್ದಲ್ಲ. ಚೌಕಳಿ ನಮ್ಮಲ್ಲಿ ಮೊದಲಿನಿಂದಲೂ ಇತ್ತು, ಹೆಸರು ಮಾತ್ರ ಹೊಸದು.

ನಿಲ್ಲು, ನೋಡು

ಇನ್ನು ‘ತಡೆಯುವುದು’, ‘ನೋಡುವುದು’ ಎಂಬ ಅರ್ಥಗಳ ವಿಚಾರ. ಚದುರಂಗದಲ್ಲಿ ‘ಚೆಕ್’ ಎಂದ ಕೂಡಲೇ ಎದುರಾಳಿ ತನ್ನ ಮಿಕ್ಕ ಯೋಚನೆಗಳನ್ನೆಲ್ಲ ಬಿಟ್ಟು ನಿಲ್ಲಬೇಕು. ಮೊದಲು ಅರಸನನ್ನು ಉಳಿಸಿಕೊಳ್ಳಬೇಕು, ಆಮೇಲೆ ಬೇರೆ ನಡೆ. ಹೀಗಾಗಿ ಈ ಪದಕ್ಕೆ ‘ತಟ್ಟನೆ ನಿಲ್ಲಿಸುವುದು’ ಎಂಬ ಅರ್ಥ ಬಂತು. ನಿಲ್ಲಿಸುವುದರಿಂದ ‘ಹಿಡಿತದಲ್ಲಿಡುವುದು’ ಎಂಬ ಅರ್ಥ. ಹಿಡಿತದಲ್ಲಿಡಬೇಕಾದರೆ ಪರೀಕ್ಷಿಸಬೇಕು, ಆದ್ದರಿಂದ ‘ಸರಿಯಾಗಿದೆಯೇ ಎಂದು ನೋಡುವುದು’ ಎಂಬ ಅರ್ಥ. ಒಂದರ ಹೆಗಲ ಮೇಲೆ ಇನ್ನೊಂದು ಕೈಯಿಟ್ಟು ನಡೆದ ಹಾಗೆ ಅರ್ಥಗಳು ನಡೆದಿವೆ.

ನಮ್ಮ ಸುತ್ತಲಿನ ಚೆಕ್‌ಗಳನ್ನು ಈಗ ಮತ್ತೆ ನೋಡಿ. ಮಳೆ ಕಡಿಮೆ ಬೀಳುವ ನಮ್ಮ ತಾಲೂಕುಗಳಲ್ಲಿ ಬಿದ್ದ ನೀರು ಹಳ್ಳಕ್ಕೆ ಹಾರಿ, ಡೋಣಿಗೋ ಭೀಮೆಗೋ ಸೇರಿ ಹೊರಟುಹೋಗುತ್ತದೆ. ಚೆಕ್ ಡ್ಯಾಮ್ ಅದನ್ನು ಆಲಮಟ್ಟಿಯ ಅಣೆಕಟ್ಟಿನಂತೆ ದೊಡ್ಡದಾಗಿ ಹಿಡಿದಿಡುವುದಿಲ್ಲ. ಸ್ವಲ್ಪ ಹೊತ್ತು ‘ನಿಲ್ಲು’ ಎನ್ನುತ್ತದೆ. ನಿಂತ ನೀರು ನೆಲಕ್ಕೆ ಇಳಿದು ಸುತ್ತಲಿನ ಬಾವಿ, ಬೋರ್‌ವೆಲ್‌ಗಳಿಗೆ ಜೀವ ಬರುತ್ತದೆ. ಮಹಾರಾಷ್ಟ್ರದ ಗಡಿಯ ಧೂಳಖೇಡ ಹಿಂದೆ ಇಂಡಿ ತಾಲೂಕಿನಲ್ಲಿತ್ತು, ಈಗ ಚಡಚಣಕ್ಕೆ ಸೇರಿದೆ. ಅಲ್ಲಿಯ ಚೆಕ್‌ಪೋಸ್ಟ್ ವಾಹನವನ್ನು ನಿಲ್ಲಿಸುತ್ತದೆ, ಕಾಗದ ನೋಡುತ್ತದೆ, ಬಿಡುತ್ತದೆ. ಇಲ್ಲಿ ತಡೆಯುವ ಅರ್ಥ, ನೋಡುವ ಅರ್ಥ ಎರಡೂ ಕೂಡಿವೆ.

ಬಸ್ಸಿನ ಚೆಕಿಂಗ್ ಕೂಡ ಹಾಗೆಯೇ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ‘ನಮಗೆ ಫ್ರೀ ಐತಿ, ಟಿಕೆಟ್ ಯಾಕ’ ಎಂದು ಕೇಳುವ ಹೆಣ್ಣುಮಕ್ಕಳಿದ್ದಾರೆ. ಹಣ ಕೊಡಬೇಕಿಲ್ಲ, ನಿಜ. ಆದರೆ ಶೂನ್ಯ ದರದ ಟಿಕೆಟ್ ಕೈಯಲ್ಲಿರಲೇಬೇಕು. ಸಾರಿಗೆ ಸಂಸ್ಥೆಗೆ ಸರಕಾರದಿಂದ ಹಣ ಬರುವುದು ಆ ಟಿಕೆಟ್ಟಿನ ಲೆಕ್ಕದ ಮೇಲೆ. ಆಸ್ಪತ್ರೆಯ ಚೆಕಪ್ ಎಂದರೆ ರೋಗವಲ್ಲ. ಬಸಿರಿಯರಿಗೆ ತಾಯಿ ಕಾರ್ಡ್ ಕೊಟ್ಟು ಕಡಿಮೆಯೆಂದರೂ ನಾಲ್ಕು ಸಲ ಬನ್ನಿ ಎನ್ನುವುದು ರಕ್ತದೊತ್ತಡ, ರಕ್ತಹೀನತೆ, ಸಕ್ಕರೆ ಇವು ಅರಸನ ಮೇಲಿನ ದಾಳಿಯಂತೆ ಸದ್ದಿಲ್ಲದೆ ಬರುವುದರಿಂದ. ‘ಆರಾಮ ಅದಾಳ, ಚೆಕಪ್ ಯಾಕ’ ಎಂದು ಅತ್ತೆ ಕೇಳಬಾರದು. ಆರಾಮಿದ್ದಾಗಲೇ ನೋಡಿಸುವುದಕ್ಕೆ ಚೆಕಪ್ ಎಂದು ಹೆಸರು.

ಅರಬಿಯ ‘ಸಕ್ಕ್’ನಿಂದ ಬಂತೇ?

ಬ್ಯಾಂಕಿನ ಚೆಕ್ ಅರಬಿಯ ‘ಸಕ್ಕ್’ ಎಂಬ ಪದದಿಂದ ಬಂದದ್ದೆಂದು ನಮ್ಮ ಸಭೆಗಳಲ್ಲಿ, ಬರಹಗಳಲ್ಲಿ ಆಗಾಗ ಕೇಳುತ್ತೇವೆ. ಸಕ್ಕ್ ಎಂದರೆ ಹಣ ಕೊಡುವ ಬಗೆಗಿನ ಲಿಖಿತ ಪತ್ರ. ಮುಸ್ಲಿಮ್ ವ್ಯಾಪಾರಿಗಳು ಅದನ್ನು ಬಹಳ ಹಿಂದೆಯೇ ಬಳಸುತ್ತಿದ್ದರೆಂಬುದು ಸತ್ಯ. 10ನೆಯ ಶತಮಾನದ ಪ್ರವಾಸಿ ಇಬ್ನ್ ಹೌಕಲ್, ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಔದಗುಸ್ತ್ ಪಟ್ಟಣದಲ್ಲಿ 42,000 ದೀನಾರಿನ ಒಂದು ಸಕ್ಕ್ ಕಂಡದ್ದನ್ನು ಬೆರಗಿನಿಂದ ಬರೆದಿದ್ದಾನೆ. ಇಂದಿನ ಇಸ್ಲಾಮಿ ಹಣಕಾಸಿನಲ್ಲಿ ಕೇಳಿಬರುವ ‘ಸುಕೂಕ್’ ಎಂಬುದು ಇದೇ ಪದದ ಬಹುವಚನ.

ಆದರೆ ವ್ಯವಹಾರ ಹಳೆಯದು ಎಂದ ಮಾತ್ರಕ್ಕೆ ಪದವೂ ಅದೇ ಎಂದಾಗುವುದಿಲ್ಲ. ಇಂಗ್ಲಿಷ್ ನಿಘಂಟುಗಳು ತೋರಿಸುವ ದಾರಿ ಬೇರೆ. 18ನೆಯ ಶತಮಾನದ ಆರಂಭದಲ್ಲಿ ಹಣದ ಪತ್ರ ಹರಿದುಕೊಟ್ಟಾಗ ಪುಸ್ತಕದಲ್ಲೇ ಉಳಿಯುವ ತುಂಡಿಗೆ ‘ಚೆಕ್’ ಎನ್ನುತ್ತಿದ್ದರು. ಯಾರಾದರೂ ಮೊತ್ತ ತಿದ್ದಿದರೆ ಆ ತುಂಡಿನೊಂದಿಗೆ ತಾಳೆ ನೋಡಿ ಮೋಸ ಹಿಡಿಯಬಹುದಿತ್ತು. ಕ್ರಮೇಣ ಹರಿದುಕೊಟ್ಟ ಪತ್ರಕ್ಕೇ ಆ ಹೆಸರು ಬಂತು. ಎಕ್ಸ್‌ಚೆಕರ್‌ನ ನೆನಪಿನಲ್ಲಿ ಅದರ ಸ್ಪೆಲ್ಲಿಂಗ್ ಸಿ-ಎಚ್-ಇ-ಕ್ಯೂ-ಯು-ಇ ಎಂದು ಬದಲಾಯಿತು. ಅಮೆರಿಕದವರು ಮಾತ್ರ ಇಂದಿಗೂ ಸಿ-ಎಚ್-ಇ-ಸಿ-ಕೆ ಎಂದೇ ಬರೆಯುತ್ತಾರೆ. ನಿಮ್ಮಲ್ಲಿ ಯಾರ ಮನೆಯವರಾದರೂ ಸೌದಿಯಲ್ಲೋ ದುಬೈಯಲ್ಲೋ ಇದ್ದರೆ ಕೇಳಿ ನೋಡಿ. ಅಲ್ಲಿ ಬ್ಯಾಂಕಿನ ಚೆಕ್ಕಿಗೆ ಜನ ‘ಶೀಕ್’ ಎನ್ನುತ್ತಾರೆ. ಅದು ಯುರೋಪಿನ ಭಾಷೆಗಳಿಂದ ಅರಬಿಗೆ ಬಂದ ಪದ. ಅರಬರಿಂದ ಹೊರಟ ಶಾಹ್ ಯುರೋಪು ಸುತ್ತಿ ಶೀಕ್ ಆಗಿ ಅವರ ಬಳಿಗೇ ಮರಳಿದ್ದಾನೆ. ಇದ್ದದ್ದನ್ನು ಇದ್ದಂತೆ ಹೇಳಿದರೂ ನಮ್ಮ ಹಿರಿಯರ ಗೌರವಕ್ಕೆ ಏನೂ ಕುಂದಿಲ್ಲ. ಸಕ್ಕ್ ಅವರದೇ, ಶಾಹ್ ಎಂಬ ಕೂಗನ್ನು ಯುರೋಪಿಗೆ ಮುಟ್ಟಿಸಿದವರೂ ಅವರೇ.

ಮಕ್ಕಳಿಗೆ ಹೇಳುವ ಬಗೆ

ಒಂಬತ್ತನೆಯ ತರಗತಿಯ ಹುಡುಗಿಯರು ಇಂಗ್ಲಿಷ್ ಪದದ ಎದುರಿಗೆ ಒಂದು ಅರ್ಥ ಬರೆದುಕೊಂಡು ಬಾಯಿಪಾಠ ಮಾಡುತ್ತಾರೆ. ‘ಚೆಕ್ ಅಂದರೆ ಪರೀಕ್ಷಿಸು’ ಎಂದು ಬರೆದವಳಿಗೆ ಪಾಠದಲ್ಲಿ ಚೆಕ್ಸ್ ಅಂಗಿ ಬಂದಾಗ ‘ಪರೀಕ್ಷಿಸುವ ಅಂಗಿ’ ಎನಿಸುತ್ತದೆ. ಆಗ ಇಂಗ್ಲಿಷ್ ತನಗಲ್ಲ ಎಂದು ಪುಸ್ತಕ ಮುಚ್ಚುತ್ತಾಳೆ. ಎಷ್ಟೋ ಹೆಣ್ಣುಮಕ್ಕಳ ಓದು ಹತ್ತನೆಯ ತರಗತಿಗೆ ನಿಲ್ಲುವುದರ ಹಿಂದೆ ಈ ಹೆದರಿಕೆಯೂ ಇದೆ.

ಅವಳಿಗೆ ಹೇಳಬೇಕಾದದ್ದು ಇಷ್ಟೇ: ಒಂದು ಪದಕ್ಕೆ ಹಲವು ಅರ್ಥವಿರುವುದು ಇಂಗ್ಲಿಷಿನ ಕುತಂತ್ರವಲ್ಲ, ಎಲ್ಲ ಭಾಷೆಗಳ ಸ್ವಭಾವ. ಅರಬಿಯಲ್ಲಿ ‘ಐನ್’ ಎಂದರೆ ಕಣ್ಣು, ‘ಐನ್’ ಎಂದರೆ ಚಿಲುಮೆ. ಕುರ್‌ಆನಿನಲ್ಲಿ ಎರಡೂ ಅರ್ಥಗಳಲ್ಲಿ ಬಂದಿದೆ. ಓದುವವರು ಎಂದೂ ಗಲಿಬಿಲಿಗೊಳ್ಳುವುದಿಲ್ಲ. ನಮ್ಮ ಕಡೆಯ ಕನ್ನಡವನ್ನೇ ನೋಡಿ. ಒಂಬತ್ತರ ಮುಂದಿನದು ಹತ್ತು. ಬಸ್ಸು ಹತ್ತು. ಒಲೆ ಹತ್ತಿತು. ಕೂಸು ಅಳಾಕ ಹತ್ತಿತು. ಇದನ್ನು ಯಾವ ಮಗುವಿಗೂ ಯಾರೂ ಪಟ್ಟಿ ಬರೆದು ಕಲಿಸಿಲ್ಲ. ಜೊತೆಗೆ ಬರುವ ಪದ ನೋಡಿ ಮಗುವೇ ಅರ್ಥ ಹಿಡಿಯುತ್ತದೆ. ಇಂಗ್ಲಿಷಿನಲ್ಲಿಯೂ ಪದವನ್ನು ಒಂಟಿಯಾಗಿ ಕೇಳಬಾರದು, ಅದು ಯಾರ ಜೊತೆ ಬಂದಿದೆ ಎಂದು ಕೇಳಬೇಕು. ಅಂಗಿಯ ಜೊತೆ ಬಂದರೆ ಚೌಕಳಿ, ನೀರಿನ ಜೊತೆ ಬಂದರೆ ತಡೆ, ಡಾಕ್ಟರ ಜೊತೆ ಬಂದರೆ ತಪಾಸಣೆ, ಬ್ಯಾಂಕಿನ ಜೊತೆ ಬಂದರೆ ಹಣ. ನೀವು ಓದು ಬಾರದ ತಾಯಿಯಾಗಿದ್ದರೂ ಸಂಜೆ ಅಡುಗೆ ಮಾಡುತ್ತ ಮಗಳೊಂದಿಗೆ ಈ ಆಟ ಆಡಬಹುದು. ‘ಲೈನ್’, ‘ಬಿಲ್’, ‘ಚಾರ್ಜ್’ ಇಂಥ ಒಂದೊಂದು ಪದ ತೆಗೆದುಕೊಂಡು ನಮ್ಮ ಮನೆಯಲ್ಲಿ ಇದು ಎಷ್ಟು ಕೆಲಸ ಮಾಡುತ್ತದೆ ಎಂದು ಎಣಿಸಿ.

ಅರ್ಥ ತಪ್ಪಿದರೆ

ಈಗ ಮೊದಲು ಹೇಳಿದ ತೊಂದರೆಯ ವಿಷಯಕ್ಕೆ ಬರೋಣ. ಇಂಗ್ಲಿಷಿನಲ್ಲಿ ಬರೆದಾಗ ನೋಡುವ ಚೆಕ್, ಹಣದ ಚೆಕ್ ಎರಡರ ಸ್ಪೆಲ್ಲಿಂಗ್ ಬೇರೆ. ಕನ್ನಡದಲ್ಲಿ ಬರೆದರೆ, ಬಾಯಲ್ಲಿ ಆಡಿದರೆ ಎರಡೂ ಒಂದೇ. ಇಂಡಿ ಭಾಗದ ಒಬ್ಬ ಸಹೋದರಿಯ ಮನೆಯವರದು ಲಿಂಬೆಹಣ್ಣಿನ ವ್ಯಾಪಾರ. ಬ್ಯಾಂಕಿನ ಖಾತೆ ಆಕೆಯ ಹೆಸರಿನಲ್ಲಿತ್ತು. ವ್ಯಾಪಾರದಲ್ಲಿ ಪಾಲು ಇದ್ದವರೊಬ್ಬರು ಮನೆಗೆ ಬಂದು ಎರಡು ಖಾಲಿ ಚೆಕ್ಕುಗಳಿಗೆ ಆಕೆಯ ಸಹಿ ಪಡೆದರು. ಕೆಲವು ತಿಂಗಳ ನಂತರ ವಕೀಲರ ನೋಟಿಸು ಬಂತು. ಅದರಲ್ಲಿ ಇದ್ದದ್ದು ಆಕೆ ಎಂದೂ ಕಣ್ಣಿಂದ ಕಾಣದ ಮೊತ್ತ.

‘ಆಪಾ, ಚೆಕ್ ಅಂದ್ರ ನೋಡೂದು ಅಲ್ಲೇನ್ರಿ? ಸುಮ್ಮ ಚೆಕ್ ಮಾಡಾಕ ಇರ್ಲಿ, ಸಹಿ ಮಾಡಿ ಕೊಡ್ರಿ ಅಂದ್ರು. ಮನ್ಯಾಗಿನ ಮಂದಿ ಇದ್ದಂಗ ಅಂತ ಕೊಟ್ಟೆ’ ಎಂದರು ಆಕೆ. ಅವರ ಮಾತಿಗೆ ನನ್ನಲ್ಲಿ ತಟ್ಟನೆ ಉತ್ತರವಿರಲಿಲ್ಲ. ನೋಟಿಸನ್ನು ಅದೇ ದಿನ ವಕೀಲರಿಗೆ ತೋರಿಸಿ ಉತ್ತರ ಬರೆಸಿದರು. ಪ್ರಕರಣ ಇನ್ನೂ ನಡೆಯುತ್ತಿದೆ.

ಸಹೋದರಿಯರೇ, ಕಾನೂನು ಏನು ಹೇಳುತ್ತದೆ ಎಂದು ತಿಳಿದಿರಲಿ. 1881ರ ವರ್ಗಾವಣೀಯ ಲಿಖಿತಗಳ ಕಾಯಿದೆಗೆ 138ನೆಯ ಕಲಮು ಸೇರಿ ಜಾರಿಗೆ ಬಂದದ್ದು 1989ರ ಏಪ್ರಿಲ್ 1ರಂದು. ಸಾಲ ಅಥವಾ ಬಾಕಿ ತೀರಿಸಲು ಕೊಟ್ಟ ಚೆಕ್ ಖಾತೆಯಲ್ಲಿ ಹಣವಿಲ್ಲದೆ ವಾಪಸಾದರೆ ಅದು ಅಪರಾಧ. ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ಕಿನ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ ಆಗಬಹುದು. ಚೆಕ್ ವಾಪಸಾದ ಸುದ್ದಿ ಬ್ಯಾಂಕಿನಿಂದ ಸಿಕ್ಕ 30 ದಿನಗಳೊಳಗೆ ಅವರು ನೋಟಿಸು ಕೊಡಬೇಕು. ನೋಟಿಸು ಕೈಸೇರಿದ 15 ದಿನಗಳೊಳಗೆ ಹಣ ಕೊಟ್ಟರೆ ಆ ಕಲಮಿನಡಿ ಪ್ರಕರಣ ನಿಲ್ಲುವುದಿಲ್ಲ. ಆದ್ದರಿಂದ ನೋಟಿಸು ಬಂದರೆ ಹೆದರಿ ಪೆಟ್ಟಿಗೆಯಲ್ಲಿ ಮುಚ್ಚಿಡಬೇಡಿ. ಚದುರಂಗದಲ್ಲಿ ‘ಚೆಕ್’ ಎಂದರೆ ಸೋಲಲ್ಲ, ಎಚ್ಚರಿಕೆ. ನೋಟಿಸೂ ಹಾಗೆಯೇ. ಆ ಹದಿನೈದು ದಿನಗಳು ನಿಮ್ಮ ನಡೆಗೆ ಇರುವ ಕಾಲ.

ಖಾಲಿ ಚೆಕ್ಕಿಗೆ ಸಹಿ ಮಾಡಿ ಕೊಟ್ಟರೆ ‘ನಾನು ಮೊತ್ತ ಬರೆದಿಲ್ಲ’ ಎಂಬ ಮಾತೊಂದೇ ನಿಮ್ಮನ್ನು ಉಳಿಸುವುದಿಲ್ಲ. ಅದೇ ಕಾಯಿದೆಯ 20ನೆಯ ಕಲಮು ಅಂಥ ಕಾಗದವನ್ನು ತುಂಬಿಕೊಳ್ಳುವ ಅಧಿಕಾರವನ್ನು ಪಡೆದವರಿಗೆ ಕೊಡುತ್ತದೆ. ಸ್ವಇಚ್ಛೆಯಿಂದ ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕನ್ನೂ ಬಾಕಿಗಾಗಿ ಕೊಟ್ಟದ್ದೆಂದೇ ಕಾನೂನು ಮೊದಲು ಭಾವಿಸುತ್ತದೆಂದು ಸುಪ್ರೀಮ್ ಕೋರ್ಟ್ 2019ರಲ್ಲಿ ಬೀರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಬಾಕಿ ಇರಲಿಲ್ಲವೆಂದು ತೋರಿಸುವ ಹೊಣೆ ಸಹಿ ಮಾಡಿದವರ ಮೇಲೆ ಬೀಳುತ್ತದೆ. ವ್ಯವಹಾರ ಗಂಡನದು, ಅಳಿಯನದು, ಮೈದುನನದು ಎಂದರೂ ಸಹಿ ಯಾರದೋ ಮೊದಲ ಹೊಣೆ ಅವರದು.

ಸಾಲ ಕೊಡುವ ಏಜೆಂಟರು ಮನೆ ಬಾಗಿಲಿಗೆ ಬಂದು ‘ಜಾಮೀನಿಗೆ ಎರಡು ಚೆಕ್ ಇರಲಿ’ ಎಂದರೂ ಇದೇ ಮಾತು. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಗಳಿಗೆ ಕೊಡುವ ಮೈಕ್ರೋ ಫೈನಾನ್ಸ್ ಸಾಲ ಅಡಮಾನವಿಲ್ಲದ್ದಾಗಿರಬೇಕೆಂದು ರಿಸರ್ವ್ ಬ್ಯಾಂಕಿನ 2022ರ ನಿಯಮವಿದೆ. ‘ಹಾಗಿದ್ದರೆ ಖಾಲಿ ಚೆಕ್ ಯಾತಕ್ಕೆ?’ ಎಂದು ಕೇಳುವ ಹಕ್ಕು ನಿಮಗಿದೆ. ಕೊಡಲೇಬೇಕಾದಲ್ಲಿ ಹೆಸರು, ತಾರೀಕು, ಮೊತ್ತ ಮೂರನ್ನೂ ನೀವೇ ತುಂಬಿ ಕೊಡಿ. ಮೂಲೆಯಲ್ಲಿ ಎರಡು ಗೆರೆ ಎಳೆದು ನಡುವೆ ‘ಅಕೌಂಟ್ ಪೇಯಿ’ ಎಂದು ಬರೆಯಿರಿ. ಆಗ ಹಣ ಆ ವ್ಯಕ್ತಿಯ ಖಾತೆಗೇ ಹೋಗುತ್ತದೆ, ಬೇರೆಯವರ ಕೈಗೆ ಸಿಗುವುದಿಲ್ಲ. ಯಾರಿಗೆ, ಎಷ್ಟು, ಏಕೆ ಕೊಟ್ಟಿರೆಂದು ಚೆಕ್‌ಬುಕ್ಕಿನ ಮುಂದಿನ ಹಾಳೆಯಲ್ಲಿ ಬರೆದಿಡಿ. ಮುನ್ನೂರು ವರ್ಷಗಳ ಹಿಂದೆ ಆ ಉಳಿದ ತುಂಡಿಗೇ ಅಲ್ಲವೇ ಚೆಕ್ ಎಂಬ ಹೆಸರು ಇದ್ದದ್ದು? ಇನ್ನು ನಿಮ್ಮ ಕೈಗೆ ಚೆಕ್ ಬಂದರೆ ಇಟ್ಟುಕೊಂಡು ಕೂರಬೇಡಿ. 2012ರ ಏಪ್ರಿಲ್‌ನಿಂದ ಚೆಕ್ಕಿನ ಆಯುಷ್ಯ ಅದರ ಮೇಲಿನ ತಾರೀಕಿನಿಂದ ಮೂರು ತಿಂಗಳು ಮಾತ್ರ.

ಕುರ್‌ಆನಿನ ಅತಿ ದೀರ್ಘ ಆಯತ್ ಯಾವುದು ಗೊತ್ತೇ? ಅಲ್-ಬಕರಾ ಸೂರಾದ 282ನೆಯದು. ಅದು ನಮಾಝಿನ ಬಗ್ಗೆಯಲ್ಲ, ಉಪವಾಸದ ಬಗ್ಗೆಯೂ ಅಲ್ಲ. ಸಾಲದ ವ್ಯವಹಾರವನ್ನು ಅವಧಿ ಸಹಿತ ಬರೆದಿಡುವ ಬಗ್ಗೆ, ಸಾಕ್ಷಿಗಳನ್ನು ಇಡುವ ಬಗ್ಗೆ ಇದೆ. ಮೊತ್ತ ಚಿಕ್ಕದೆಂದು ಬೇಸರಿಸಬಾರದೆಂಬ ತಾಕೀತೂ ಅದರಲ್ಲಿದೆ. ಮೊತ್ತವಿಲ್ಲದ, ತಾರೀಕಿಲ್ಲದ, ಸಾಕ್ಷಿಯಿಲ್ಲದ ಖಾಲಿ ಚೆಕ್ ಇದಕ್ಕೆ ನೇರ ವಿರುದ್ಧ. ‘ನಮ್ಮವರೇ’ ಎಂಬ ಸಂಕೋಚದಲ್ಲಿ ನಾವು ಬರೆಯದೆ ಬಿಟ್ಟದ್ದನ್ನು ಮುಂದೆ ಬೇರೆಯವರು ತಮಗೆ ಬೇಕಾದಂತೆ ಬರೆಯುತ್ತಾರೆ. ಬರೆದಿಟ್ಟರೆ ಸಂಬಂಧ ಕೆಡುವುದಿಲ್ಲ, ಬರೆಯದೆ ಬಿಟ್ಟಾಗಲೇ ಎಷ್ಟೋ ಸಂಬಂಧಗಳು ಕೋರ್ಟಿನ ಮೆಟ್ಟಿಲು ಹತ್ತಿವೆ.

ನಿಮ್ಮ ಮನೆಯ ಚೆಕ್‌ಬುಕ್ ಎಲ್ಲಿದೆ, ಅದರಲ್ಲಿ ಎಷ್ಟು ಹಾಳೆಗಳು ಉಳಿದಿವೆ, ಸಹಿ ಮಾಡಿದ ಖಾಲಿ ಹಾಳೆ ಯಾರ ಬಳಿಯಾದರೂ ಇದೆಯೇ ಎಂದು ಈ ವಾರವೇ ಎಣಿಸಿ ನೋಡಿ. ಇದ್ದರೆ ಲೆಕ್ಕ ಮುಗಿಸಿ ಮರಳಿ ಪಡೆಯಿರಿ. ಓದು ಬಾರದಿದ್ದರೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ. ಅವಳಿಗೂ ಒಂದು ಪಾಠವಾಗುತ್ತದೆ, ನಿಮಗೂ ನೆಮ್ಮದಿ ಸಿಗುತ್ತದೆ.